ಶಿಲುಬೆಕಟ್ಟೆಯ ಲ್ಯಾಟಿನ್

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ತಡ. ನಮ್ಮ ಮನೆಯವರೆಲ್ಲ ಈ ಒಂದು ವಿಷಯದಲ್ಲಿ ಒಮ್ಮತದವರು. ಎಂಬತ್ತರ ದಶಕದ ಮೊದಲಲ್ಲಿ ಖಾನಾಪುರದ ನಮ್ಮ ಓಣಿಯಲ್ಲಿ ಬಂದ ಒಂದು ಸಿಟ್ಟಂತೂ ಇನ್ನೂ ಹೋಗಿಲ್ಲ. ಅಕ್ಷರ ಬಾರದ ಮುದುಕಿಯೊಬ್ಬಳ ಕೈಗೆ ಪುಸ್ತಕ ಕೊಟ್ಟು, ಇನ್ನು ಮೇಲೆ ದೇವರ ಹತ್ತಿರ ನಿನಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡು ಎಂದು ಹೇಳಿದರಲ್ಲ, ಆ ಸಿಟ್ಟು. ಹೇಳಿದವರು ಕೆಟ್ಟವರಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಒಳ್ಳೆಯವರು, ಓದಿದವರು, ನಗುನಗುತ್ತಲೇ ಹೇಳಿದರು.

ನಮ್ಮದು ಲಿಂಗಾಯತರ ಮನೆ. ಅಪ್ಪನದು ಭತ್ತದ ವ್ಯಾಪಾರ. ಜಾಂಬೋಟಿ ಕಡೆಯಿಂದ ಗಾಡಿಗಳಲ್ಲಿ ಬಂದ ಚೀಲಗಳು ನಮ್ಮ ಅಂಗಳದಲ್ಲೇ ಇಳಿಯುತ್ತಿದ್ದವು. ಬಾಜು ಮನೆ ಕ್ಯಾಥೊಲಿಕ್ಕರದು. ಆ ಮನೆಯ ಮುದುಕಿಯನ್ನು ಓಣಿಗೆ ಓಣಿಯೇ ಮಾಂಯ್ ಎನ್ನುತ್ತಿತ್ತು. ಕೊಂಕಣಿಯಲ್ಲಿ ಮನೆಯ ಹಿರಿಯ ತಾಯಿಯನ್ನು ಹಾಗೆ ಕರೆಯುತ್ತಾರೆ. ಮಾಂಯ್ ಮನೆಯೊಳಗೆ ಕೊಂಕಣಿ ಆಡುತ್ತಿದ್ದಳು, ಸಂತೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದಾಗ ಮೂರನ್ನೂ ಒಟ್ಟಿಗೆ. ನಮ್ಮ ಅಂಗಳದ ಮೂಲೆಯಲ್ಲಿ ರಸ್ತೆಗೆ ಮುಖ ಮಾಡಿ ಒಂದು ಶಿಲುಬೆಕಟ್ಟೆ ಇತ್ತು. ಜಾಗ ನಮ್ಮಜ್ಜ ಬಾಯಿಮಾತಿನಲ್ಲೇ ಕೊಟ್ಟದ್ದು, ಕಟ್ಟೆ ಮಾಂಯ್‌ನ ಮಾವ ಕಟ್ಟಿಸಿದ್ದು.

ಪ್ರತಿ ಮೇ ತಿಂಗಳು ಒಂದು ಸಂಜೆ ಆ ಕಟ್ಟೆಯ ಮುಂದೆ ಲಾದಿನ್ ಆಗುತ್ತಿತ್ತು. ಲಾದಿನ್ ಎಂದರೆ ಮೇರಿಮಾತೆಯನ್ನು ಒಂದಾದ ಮೇಲೆ ಒಂದು ಬಿರುದಿನಿಂದ ಕರೆಯುತ್ತ ಹೋಗುವ ಉದ್ದನೆಯ ಪ್ರಾರ್ಥನೆ. ಒಬ್ಬರು ಬಿರುದು ಹಾಡಬೇಕು, ಕೂತವರೆಲ್ಲ ನಮಗಾಗಿ ಬೇಡಿಕೋ ತಾಯಿ ಎಂದು ಒಟ್ಟಿಗೆ ಉತ್ತರ ಕೊಡಬೇಕು. ಅದಷ್ಟೂ ಲ್ಯಾಟಿನ್ನಿನಲ್ಲಿ. ಪಾದ್ರಿ ಇರಲೇಬೇಕೆಂದಿಲ್ಲ, ಪುಸ್ತಕವೂ ಬೇಕಿಲ್ಲ. ನಮ್ಮ ಓಣಿಯಲ್ಲಿ ಮುಂದೆ ಹಾಡುವವಳು ಮಾಂಯ್, ಹಿಂದೆ ಉತ್ತರ ಕೊಡುವವರು ಓಣಿಯ ಎಲ್ಲರೂ. ನಾವು, ಜೈನರ ಕಿರಾಣಿ ಅಂಗಡಿಯವರು, ಕುಂಬಾರರು, ಯಾರೂ ಮನೆಯಲ್ಲಿ ಕೂರುತ್ತಿರಲಿಲ್ಲ. ಕೊನೆಗೆ ಬೇಯಿಸಿದ ಕಡಲೆ ಮತ್ತು ಕೊಬ್ಬರಿ ಚೂರು ಹಂಚುತ್ತಿದ್ದರು. ಕಡಲೆ ಬೇಯುತ್ತಿದ್ದದ್ದು ನಮ್ಮ ಮನೆಯ ದೊಡ್ಡ ಪಾತ್ರೆಯಲ್ಲೇ. ಉತ್ತರ ಕೊಡದೆ ಸುಮ್ಮನೆ ಕೂತವರಿಗೆ ಕಡಲೆ ಇಲ್ಲ ಎಂಬುದು ಮಾಂಯ್‌ನ ಕಾನೂನು, ಹಾಗಾಗಿ ಮಕ್ಕಳಾದ ನಾವು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆವು.

ಆ ಲ್ಯಾಟಿನ್ನನ್ನು ರೋಮಿನವರು ಕೇಳಿದ್ದರೆ ಯಾವ ದೇಶದ ಭಾಷೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಪೋರ್ಚುಗೀಸ್ ಪಾದ್ರಿಗಳ ಬಾಯಿಂದ ಗೋವೆಯಲ್ಲಿ ಇಳಿದು, ಘಟ್ಟ ಹತ್ತಿ, ಕೊಂಕಣಿಯವರ ಮೂಗಿನಲ್ಲಿ ಹಾದು, ನಮ್ಮ ಕನ್ನಡದ ನಾಲಗೆಗಳಿಗೂ ಸಿಕ್ಕು, ಅದರ ಅಂಚೆಲ್ಲ ಸವೆದು ಹೋಗಿತ್ತು. ಬಳಸಿ ಬಳಸಿ ನುಣ್ಣಗಾದ ಒರಳಿನ ಹಾಗೆ ಇತ್ತು. ನಮಗಂತೂ ಅದರಲ್ಲಿ ಏನೂ ವಿಚಿತ್ರ ಕಾಣಿಸುತ್ತಿರಲಿಲ್ಲ.

ಮಾಂಯ್ ಆ ಲಾದಿನ್ ಹಾಡುತ್ತಿದ್ದದ್ದಕ್ಕೆ ಒಂದು ಹರಕೆಯ ಕಟ್ಟು ಇತ್ತು, ಮತ್ತು ಆ ಹರಕೆಗೆ ಕಾರಣ ನಾನು. ನಾನಿನ್ನೂ ಶಾಲೆಗೆ ಹೋಗದ ವಯಸ್ಸಿನಲ್ಲಿ ವಿಷಮಜ್ವರ ಬಂದು, ಡಾಕ್ಟರು ಕೈಚೆಲ್ಲಿದ್ದರಂತೆ. ಅವ್ವ ತನ್ನ ದೇವರಿಗೆಲ್ಲ ಬೇಡಿಕೊಂಡು ಸೋತು ಕೂತಿದ್ದಾಗ ಮಾಂಯ್ ಶಿಲುಬೆಕಟ್ಟೆಯ ಮುಂದೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳಂತೆ: "ಈ ಪೋರಿ ಉಳೀಲಿ, ನನ್ನ ಉಸರ ಇರೂತನಕಾ ವರ್ಷಾ ಇದ ಕಟ್ಟಿ ಮುಂದ ನನ್ನ ಬಾಯಿಲೇ ಲಾದಿನ್ ಹೇಳ್ತೀನಿ." ಅಲ್ಲೇ ಕೂತು ಹಾಡಲು ಶುರು ಮಾಡಿದಳು. ಹಾಡು ಅರ್ಧಕ್ಕೆ ಬಂದಿರಬೇಕು, ಅಪ್ಪ ಮನೆಯೊಳಗಿಂದ ಓಡಿ ಬಂದು, "ಮಾಂಯ್, ಪೋರಿ ಕಣ್ಣ ತಗದೈತಿ, ಗಂಜಿ ಕೇಳಾಕತ್ತೈತಿ" ಎಂದ. ಮಾಂಯ್ ಹಾಡು ನಿಲ್ಲಿಸದೆ ಕೈಯಲ್ಲೇ ಹೋಗು, ಗಂಜಿ ಹಾಕು ಎಂದು ಸನ್ನೆ ಮಾಡಿದಳಂತೆ. ಈ ಕತೆಯನ್ನು ಕೇಳುತ್ತಲೇ ನಾನು ಬೆಳೆದೆ.

ಮುಂದೆ ಧಾರವಾಡದಲ್ಲಿ ಇತಿಹಾಸ ಓದಿ, ಎಪ್ಪತ್ತರ ದಶಕದ ಕೊನೆಗೆ ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಹಿಂದವಾಡಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದೆ. ಶನಿವಾರ ಮಧ್ಯಾಹ್ನ ಖಾನಾಪುರದ ಕೆಂಪು ಬಸ್ಸು ಹತ್ತಿದರೆ, ಮಚ್ಛೆಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿದವರೆಲ್ಲ ಹತ್ತಿ, ಕೂತವರ ಮಡಿಲಲ್ಲಿ ತಮ್ಮ ಟಿಫಿನ್ ಡಬ್ಬಿ ಇಟ್ಟುಬಿಡುತ್ತಿದ್ದರು. ಬೆಳಗಾವಿಯಲ್ಲಿ ಆಗ ಕನ್ನಡ-ಮರಾಠಿ ಜಗಳ ಕಾವೇರಿತ್ತು. ಇವತ್ತು ಬರೆದ ಬೋರ್ಡಿಗೆ ನಾಳೆ ಡಾಂಬರು ಬೀಳುತ್ತಿತ್ತು. ಆ ಡಾಂಬರಿನ ಮುಂದೆಯೇ ನಿಂತು ಇಬ್ಬರು ಎರಡೂ ಭಾಷೆ ಬೆರೆಸಿ ಚಹಾ ಕುಡಿಯುತ್ತ ಹರಟೆ ಹೊಡೆಯುತ್ತಿದ್ದರು.

ಕಾಲೇಜಿನಲ್ಲಿ ಮಧ್ಯಯುಗದ ಯುರೋಪು ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ನನಗೆ ತೀರಾ ಪ್ರೀತಿಯ ಪಾಠ ಒಂದೇ: ಲ್ಯಾಟಿನ್ನಿನಿಂದ ಫ್ರೆಂಚ್ ಹೇಗೆ ಹುಟ್ಟಿತು, ಅದರಲ್ಲಿ ಚರ್ಚು ಏನು ಮಾಡಿತು ಎಂಬುದು. ಹುಡುಗರಿಗೆ ನಾನು ಹೇಳುತ್ತಿದ್ದದ್ದು ಹೀಗೆ. ರೋಮಿನ ಸೈನಿಕರು, ವ್ಯಾಪಾರಿಗಳು ಬಿಟ್ಟು ಹೋದ ಲ್ಯಾಟಿನ್ ಇಂದಿನ ಫ್ರಾನ್ಸಿನ ರೈತರ ಬಾಯಲ್ಲಿ ನೂರಾರು ವರ್ಷ ಬಾಳಿತು, ಸವೆಯಿತು. ಬರೆಯುವುದು ಹಳೆಯ ರೀತಿ, ಓದುವುದು ಊರಿನ ರೀತಿ. ಪಾದ್ರಿ ಪುಸ್ತಕ ಹಿಡಿದು ಊರಿನವರ ಉಚ್ಚಾರದಲ್ಲೇ ಓದುತ್ತಿದ್ದ, ಕೂತವರಿಗೆ ತಕ್ಕಮಟ್ಟಿಗೆ ತಿಳಿಯುತ್ತಿತ್ತು. ತಾವು ಬೇರೆ ಭಾಷೆ ಆಡುತ್ತಿದ್ದೇವೆ ಎಂದು ಯಾರಿಗೂ ಅನಿಸಿರಲಿಲ್ಲ. ಆಮೇಲೆ ಒಬ್ಬ ದೊಡ್ಡ ಚಕ್ರವರ್ತಿ ಬಂದ. ಅವನಿಗೆ ಚರ್ಚಿನಲ್ಲೆಲ್ಲ ಒಂದೇ ಶುದ್ಧ ಲ್ಯಾಟಿನ್ ಬೇಕಾಯಿತು. ಸಮುದ್ರದ ಆಚೆಯಿಂದ ಪಂಡಿತರನ್ನು ಕರೆಸಿದ. ಅವರಿಗೆ ಲ್ಯಾಟಿನ್ ಪುಸ್ತಕದಿಂದ ಕಲಿತ ಭಾಷೆ, ಆದ್ದರಿಂದ ಬರೆದ ಅಕ್ಷರವನ್ನೆಲ್ಲ ಉಚ್ಚರಿಸಬೇಕು ಎಂದು ಕಲಿಸಿದರು. ಎಲ್ಲವೂ ಶುದ್ಧವಾಯಿತು. ಭಾನುವಾರ ಚರ್ಚಿನಲ್ಲಿ ಕೂತ ಜನ ಮಾತ್ರ ಮುಖ ಮುಖ ನೋಡಿಕೊಂಡರು. ಒಂಬತ್ತನೇ ಶತಮಾನದ ಮೊದಲಲ್ಲಿ ತೂರ್ ಎಂಬ ಊರಲ್ಲಿ ಬಿಷಪ್ಪರು ಸಭೆ ಸೇರಿ, ಜನಕ್ಕೆ ತಿಳಿಯುತ್ತಿಲ್ಲ, ಉಪದೇಶವನ್ನು ಹಳ್ಳಿಗರ ಮಾತಿನಲ್ಲಿ ಹೇಳಿ ಎಂದು ಅಪ್ಪಣೆ ಮಾಡಿದರು. ಆ ಹಳ್ಳಿಗರ ಮಾತೇ ಮುಂದೆ ಫ್ರೆಂಚ್ ಆಯಿತು.

ವಿದ್ವಾಂಸರಲ್ಲಿ ಇದರ ಬಗ್ಗೆ ವಾದವಿದೆ, ಎಲ್ಲರೂ ಒಪ್ಪುವುದಿಲ್ಲ ಎಂದೂ ಹೇಳುತ್ತಿದ್ದೆ. ಆದರೆ ನನ್ನ ಪಕ್ಷ ಯಾವುದು ಎಂದು ಮುಚ್ಚಿಡುತ್ತಿರಲಿಲ್ಲ. ಮೊದಲು ಲ್ಯಾಟಿನ್ನನ್ನು ಜನರ ಕಿವಿಯಿಂದ ಕಿತ್ತುಕೊಂಡರು, ಆಮೇಲೆ ಅಯ್ಯೋ ಪಾಪ ಎಂದು ಕರುಣೆ ತೋರಿಸಿದರು ಎಂದು ಮೇಜು ಕುಟ್ಟುತ್ತಿದ್ದೆ. ಆ ಕಾಲದ ಒಂದು ಪ್ರಾರ್ಥನೆಯಲ್ಲಿ ಮುಂದೆ ಹಾಡುವವನ ಸಾಲು ಶುದ್ಧ ಲ್ಯಾಟಿನ್ನಿನಲ್ಲಿದ್ದು, ಜನ ಕೊಡುವ ಉತ್ತರ ಮಾತ್ರ ಆಡುಮಾತಿಗೆ ಜಾರಿದೆ ಎಂದು ಓದಿದ ದಿನ ಧಾರವಾಡದ ಲೈಬ್ರರಿಯಲ್ಲೇ ನಕ್ಕುಬಿಟ್ಟಿದ್ದೆ. ನನ್ನ ಕಣ್ಣ ಮುಂದೆ ನಮ್ಮ ಓಣಿ, ಮಾಂಯ್ ಮತ್ತು ಕಡಲೆಯ ಪಾತ್ರೆ ಬಂದಿದ್ದವು.

ಆ ಪಾಠ ನನ್ನ ಅಂಗಳಕ್ಕೇ ನಡೆದುಕೊಂಡು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಮಾಂಯ್‌ನ ಇಗರ್ಜಿಗೆ, ಅಂದರೆ ಅವರ ಚರ್ಚಿಗೆ, ಒಬ್ಬ ಹೊಸ ಪಾದ್ರಿ ಬಂದರು. ಕರಾವಳಿಯವರು, ರೋಮಿನಲ್ಲಿ ಓದಿದವರು, ಸೈಕಲ್ ಮೇಲೆ ಓಡಾಡುವವರು. ಕಾಯಿಲೆಯವರ ಮನೆಗೆ ತಾವೇ ಹೋಗಿ ಔಷಧ ಕೊಡುತ್ತಿದ್ದರು. ಓಣಿಯವರಿಗೆಲ್ಲ ಅವರೆಂದರೆ ಇಷ್ಟವಾಯಿತು, ನನಗೂ ಆಯಿತು. ಬಂದ ವರ್ಷ ಲಾದಿನ್ನಿಗೆ ಬಂದು ಹಿಂದೆ ನಿಂತು ಕೇಳಿದರು. ಮುಗಿದ ಮೇಲೆ ಮಾಂಯ್‌ಗೆ ಕೈ ಮುಗಿದು, "ಬಹಳ ಭಕ್ತಿ ಇದೆ. ಆದರೆ ಲ್ಯಾಟಿನ್ ಪೂರ್ತಿ ಹಾಳಾಗಿದೆ. ಹಾಡುವುದಾದರೆ ಸರಿಯಾಗಿ ಹಾಡೋಣ" ಎಂದರು.

ಮುಂದಿನ ವರ್ಷ ಮೇ ಬರುವ ಮುಂಚೆ ಭಾನುವಾರಗಳಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಅಭ್ಯಾಸ ನಡೆಸಿದರು. ಇಲ್ಲಿ ಎಳೆಯಬೇಡಿ, ಅಲ್ಲಿ ನುಂಗಬೇಡಿ, ಈ ಅಕ್ಷರ ಬಿಟ್ಟಿರಿ. ಮಾಂಯ್ ಹತ್ತಿಪ್ಪತ್ತು ಸಲ ಪ್ರಯತ್ನಿಸಿದಳು. ಜೀವಮಾನವಿಡೀ ನಡೆದ ದಾರಿಯಲ್ಲಿ ಆಕೆ ಈಗ ಎಡವತೊಡಗಿದಳು. ಓಣಿಯವರಂತೂ ತಪ್ಪಾದೀತೆಂಬ ಅಂಜಿಕೆಯಿಂದ ಬಾಯಿಗೆ ಬೀಗ ಹಾಕಿಕೊಂಡರು. ಆ ವರ್ಷದ ಲಾದಿನ್ನಿನಲ್ಲಿ ಫಾದರ್ ಒಬ್ಬರೇ ಚೆಂದಾಗಿ ಹಾಡಿದರು, ಮಾಂಯ್ ತಡವರಿಸಿದಳು, ಉಳಿದವರು ಗುಣಗುಣ ಎಂದು ಕಡಲೆ ಇಸಿದುಕೊಂಡು ಹೋದರು.

ಫಾದರ್ ಆ ಮೌನವನ್ನು ನೋಡಿ ಏನೆಂದುಕೊಂಡರು ಗೊತ್ತೇ? ಜನಕ್ಕೆ ಲ್ಯಾಟಿನ್ ತಿಳಿಯುವುದಿಲ್ಲ, ಅದಕ್ಕೇ ಸುಮ್ಮನಿದ್ದಾರೆ, ಜನರ ಭಾಷೆಯಲ್ಲಿ ಮಾಡಿಕೊಡೋಣ ಎಂದುಕೊಂಡರು! ಅವ್ವ ನನಗೆ ಇದನ್ನು ಹೇಳಿದಾಗ ನಾನು ಬಸ್ಸಿಳಿದು ಇನ್ನೂ ಕಾಲು ತೊಳೆದಿರಲಿಲ್ಲ. ಅಂಗಳದಲ್ಲೇ ನಿಂತು, "ಅಯ್ಯ ಶಿವನೇ, ಇದನ್ನ ನಾ ಮೊನ್ನಿ ಕ್ಲಾಸಿನ್ಯಾಗ ಹೇಳಿ ಬಂದೇನಿ" ಎಂದು ಕಿರುಚಿದೆ. ಅವ್ವ ಗಾಬರಿಯಾಗಿ ನೀರಿನ ತಂಬಿಗೆ ಕೊಟ್ಟಳು.

ಜನರ ಭಾಷೆ ಎಂದರೆ ಯಾವುದು ಎಂಬಲ್ಲಿ ಶುರುವಾಯಿತು ನೋಡಿ ರಂಪ. ಇಗರ್ಜಿಯ ಸಭೆಯಲ್ಲಿ ಕೆಲವರು ಕನ್ನಡ ಎಂದರು, ಕೆಲವರು ಮರಾಠಿ ಎಂದರು, ಕೆಲವರು ಕೊಂಕಣಿ ಎಂದರು. ಕೊಂಕಣಿಯಾದರೂ ಗೋವೆಯ ಪುಸ್ತಕದ್ದೋ ನಮ್ಮ ಮನೆಯದ್ದೋ ಎಂದು ಅದರೊಳಗೊಂದು ಜಗಳ. ಒಂದೇ ಬೆಂಚಿನ ಮೇಲೆ ಕೂತು ಬೆಳೆದವರು ಮಾತು ಬಿಟ್ಟರು. ಕಡೆಗೆ ಫಾದರ್ ಯಾರಿಗೂ ನೋವಾಗಬಾರದೆಂದು ಮೂರೂ ಭಾಷೆ ಸೇರಿಸಿ ಒಂದು ಸಣ್ಣ ಪುಸ್ತಕ ಅಚ್ಚು ಮಾಡಿಸಿದರು. ಒಂದು ಸಾಲು ಕನ್ನಡ, ಮುಂದಿನದು ಮರಾಠಿ, ಅದರ ಮುಂದಿನದು ಕೊಂಕಣಿ. ಮೂರಕ್ಕೂ ಸಮಪಾಲು ಬರಬೇಕು, ಪುಸ್ತಕ ದೊಡ್ಡದಾಗಬಾರದು ಎಂದು ಲಾದಿನ್ನಿನ ಬಿರುದುಗಳನ್ನೇ ಅರ್ಧ ಕಡಿದರು. ಈ ವಿಷಯವನ್ನು ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಹೇಳಿದೆ. ಕನ್ನಡದ ಅಭಿಮಾನಿಯೊಬ್ಬರು, ಮರಾಠಿಯ ಅಭಿಮಾನಿಯೊಬ್ಬರು ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ, ಮೊದಲನೇ ಸಾಲು ಯಾವ ಭಾಷೆಯದು ಎಂದು. ಮುದುಕಿಯ ಗತಿ ಏನು ಎಂದು ಒಬ್ಬರೂ ಕೇಳಲಿಲ್ಲ. ಆ ದಿನ ನಾನು ಅವರ ಜೊತೆ ಚಹಾ ಕುಡಿಯಲಿಲ್ಲ.

ಆ ಶನಿವಾರ ಮಾಂಯ್ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಪುಸ್ತಕ ಬಾಜುವಿನಲ್ಲಿತ್ತು, ಅದರ ಮೇಲೆ ಒಂದು ಕಲ್ಲು, ಗಾಳಿಗೆ ಹಾರದಿರಲೆಂದು.

"ಫಾದರ್ ಏನಂದ್ರು ಮಾಂಯ್?" ಎಂದೆ.

"ಈ ವರ್ಷ ಪುಸ್ತಕದ್ದು ತಾವು ಹೇಳ್ತಾರಂತ. ಹಳೇದು ಕಟ್ಟಿ ಮುಂದ ಬ್ಯಾಡ ಅಂದ್ರು. ನೀ ಸುಮ್ನ ಕೂತು ಕೇಳು ಮಾಂಯ್, ಭಾಳ ದಣಿದೀ ಅಂದ್ರು."

"ನಿನ್ನ ಹರಕಿ?"

ಮಾಂಯ್ ಬೀಜ ಒಂದನ್ನು ಹಿಂಡಿ ಹಿಂಡಿ ತೆಗೆದಳು. "ಅದನ್ನ ಕೇಳಬ್ಯಾಡ ನೀ."

ನಾನು ಪುಸ್ತಕ ತೆಗೆದುಕೊಂಡು ಓದಿ ತೋರಿಸಿದೆ. ಆಕೆ ಕಣ್ಣು ಮುಚ್ಚಿ, ಬೆರಳು ಮಡಚುತ್ತ ಕೇಳುತ್ತಿದ್ದಳು. ಮೂರೂ ಭಾಷೆ ಆಕೆಗೆ ಬರುತ್ತಿತ್ತು, ತಿಳಿಯದ್ದೇನೂ ಇರಲಿಲ್ಲ. ಆದರೆ ಮುಗಿದಾಗ ಆಕೆಯ ಮುಖ ಸಣ್ಣದಾಗಿತ್ತು.

"ಇದರಾಗ ಕುಂಬಾರ ಅಜ್ಜಿ ಇಲ್ಲ. ಅಂಚಿಯವ ಇಲ್ಲ. ಹೆಂಚಿನ ಫ್ಯಾಕ್ಟರಿಯೊಳಗ ಕೈ ಕಳಕೊಂಡನಲ್ಲ, ಅಂವಾ ಇಲ್ಲ. ನೀನೂ ಇಲ್ಲ" ಎಂದಳು.

ನನಗೆ ಏನೂ ತಿಳಿಯಲಿಲ್ಲ. ಕೆದಕಿ ಕೇಳಿದ ಮೇಲೆ ಹೇಳಿದಳು. ಲಾದಿನ್ನಿನ ಒಂದೊಂದು ಸಾಲನ್ನೂ ಆಕೆ ಓಣಿಯ ಒಬ್ಬೊಬ್ಬರಿಗೆ ಕೊಟ್ಟಿದ್ದಳು. ಒಂದು ಸಾಲು ಅವ್ವನದು. ಒಂದು, ಮುಂಬೈಗೆ ಹೋಗಿ ಕಾಗದ ಹಾಕದ ತನ್ನ ಮಗನದು. ಒಂದು, ಮಂಡಿನೋವಿನ ಕುಂಬಾರ ಅಜ್ಜಿಯದು. ಲ್ಯಾಟಿನ್ನಿನ ಮಾತಿಗೂ ಆ ಮನುಷ್ಯರಿಗೂ ಏನೂ ಸಂಬಂಧವಿರಲಿಲ್ಲ. ರೋಗಿಗಳನ್ನು ಕಾಯುವ ತಾಯಿ ಎಂಬ ಸಾಲನ್ನು ಕಲ್ಲುಗುಂಡಿನಂತಿದ್ದ ಅಂಚೆಯವನಿಗೆ ಕೊಟ್ಟಿದ್ದಳು. ನನಗೆ ಕೊಟ್ಟದ್ದು ಮೇರಿಮಾತೆಯನ್ನು ದಂತದ ಗೋಪುರ ಎಂದು ಕರೆಯುವ ಸಾಲು. ಅದೇಕೆ ಎಂದರೆ, ಅಪ್ಪ ಅಂದು ಗಂಜಿಯ ಸುದ್ದಿ ತಂದಾಗ ಆಕೆಯ ಬಾಯಲ್ಲಿದ್ದದ್ದು ಅದೇ ಸಾಲಂತೆ.

"ಅದ ನಿಂದು. ಅದನ್ನ ಹೇಳೂಮುಂದ ವರ್ಷಾ ನಾ ಕಣ್ಣ ತಗದು ನಿನ್ನ ನೋಡ್ತೀನಿ, ಇದ್ದೀಯೋ ಇಲ್ಲೋ ಅಂತ" ಎಂದಳು ಮಾಂಯ್.

ನಾನು ಪುಸ್ತಕವನ್ನು ಮತ್ತೆ ಆ ಕಲ್ಲಿನ ಕೆಳಗೆ ಇಟ್ಟೆ. ಅದರ ಹಿಂದೆಯೇ ಸಿಟ್ಟು ಬಂತು. ಸೆರಗು ಕೂಡ ಸರಿ ಮಾಡಿಕೊಳ್ಳದೆ ನೆಟ್ಟಗೆ ಪಾದ್ರಿಗಳ ಬಂಗಲೆಗೆ ನಡೆದೆ.

ಫಾದರ್ ಕೂರಿಸಿದರು, ಕಾಫಿ ಕೊಟ್ಟರು. ನಾನು ಹರಕೆಯ ಸಂಗತಿ ಹೇಳಿದೆ, ಸಾಲುಗಳ ಸಂಗತಿ ಹೇಳಿದೆ. ದಂತದ ಗೋಪುರವನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ನಮ್ಮ ಹಳ್ಳಿಯ ಜನಕ್ಕೆ ದಂತದ ಗೋಪುರ ಎಂದರೆ ಏನು ಅರ್ಥವಾಗುತ್ತದೆ ಹೇಳಿ? ಅರ್ಥವಾಗುವುದನ್ನು ಮಾತ್ರ ಇಟ್ಟುಕೊಂಡೆವು. ನೀವು ಇತಿಹಾಸದವರು, ನಿಮಗೆ ಗೊತ್ತಿರಬೇಕು. ಸಾವಿರ ವರ್ಷಕ್ಕೂ ಹಿಂದೆಯೇ ಬಿಷಪ್ಪರು ಜನರ ಮಾತಿನಲ್ಲಿ ಹೇಳಿ ಎಂದಿದ್ದಾರೆ" ಎಂದರು ಫಾದರ್.

ನನ್ನ ಪಾಠವನ್ನು ನನಗೇ ಹೇಳಿದರು! ಮೈಯೆಲ್ಲ ಉರಿಯಿತು. "ಅದು ಉಪದೇಶಕ್ಕರೀ ಫಾದರ್. ಪಾದ್ರಿಗಳು ಜನಕ್ಕ ಹೇಳೂ ಮಾತು ಜನಕ್ಕ ತಿಳೀಬೇಕು ಅಂದ್ರು. ಜನ ದೇವರಿಗೆ ಹೇಳೂ ಮಾತಿನ ತಂಟೇಕ ಹೋಗ್ಲಿಲ್ಲ. ಮತ್ತ ಆ ಜನಕ್ಕ ಲ್ಯಾಟಿನ್ ತಿಳೀದಂಗ ಮಾಡಿದವ್ರು ಯಾರು? ಶುದ್ಧ ಮಾಡ್ತೀವಿ ಅಂತ ಬಂದವ್ರ ಅಲ್ಲೇನ್ರೀ? ನೀವೂ ಹಾರ್ಮೋನಿಯಂ ತಂದ್ರಿ, ಓಣಿ ಮೂಕ ಆತು."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗದಿದ್ದದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು. "ನಿಮ್ಮ ಶರಣರು ದೇವರ ಜೊತೆ ಕನ್ನಡದಲ್ಲೇ ಮಾತಾಡಿದರಲ್ಲ. ಅವರ ಪರಂಪರೆಯವರಾಗಿ ನೀವು ಲ್ಯಾಟಿನ್ನಿನ ಪರ ವಾದ ಮಾಡುತ್ತೀರಾ?" ಎಂದರು ನಗುತ್ತ.

ಮಾತು ನಾಟಿತು, ಸುಳ್ಳು ಹೇಳುವುದಿಲ್ಲ. ಕಾಫಿ ಮುಗಿಸಿ ಕಪ್ಪು ಕೆಳಗಿಟ್ಟೆ. ಆಮೇಲೆ ಹೇಳಿದೆ, "ಅವರು ತಮ್ಮ ಬಾಯಿಲೇ ತಮ್ಮ ಮಾತು ಆಡಿದ್ರು. ಇದನ್ನ ಮಾತಾಡ್ರಿ ಅಂತ ಯಾರೂ ಅವರ ಕೈಯಾಗ ಪುಸ್ತಕಾ ಕೊಟ್ಟಿರ್ಲಿಲ್ಲ. ಮಾಂಯ್ ಬಾಯಾಗ ಇರೂದು ಈಗ ಲ್ಯಾಟಿನ್ ಅಲ್ರೀ, ಅದು ಮಾಂಯ್‌ದು."

ಫಾದರ್ ಖಾಲಿ ಕಪ್ಪುಗಳನ್ನು ಬದಿಗೆ ಸರಿಸಿದರು. "ಒಬ್ಬರಿಗಾಗಿ ಬದಲಾಯಿಸಿದರೆ ಮೂರು ಗುಂಪಿನವರೂ ಮತ್ತೆ ಜಗಳ ಶುರು ಮಾಡುತ್ತಾರೆ. ಈ ವರ್ಷ ಪುಸ್ತಕದಂತೆ ಆಗಲಿ. ಮಾಂಯ್ ಮನೆಯೊಳಗೆ ಹೇಗೆ ಬೇಕಾದರೂ ಪ್ರಾರ್ಥಿಸಲಿ" ಎಂದರು. ಹರಕೆ ಮನೆಯೊಳಗಿನದಲ್ಲ, ಕಟ್ಟೆಯ ಮುಂದಿನದು ಎಂದು ಎಷ್ಟು ಹೇಳಿದರೂ ಅವರು ತಲೆ ಅಲ್ಲಾಡಿಸಿದರೇ ಹೊರತು ಮಾತು ಬದಲಿಸಲಿಲ್ಲ.

ಅಪ್ಪನಿಗೆ ಹೇಳಿದೆ. ಅಪ್ಪ ಭತ್ತದ ಚೀಲ ಹೊಲಿಯುತ್ತಿದ್ದವ ದಬ್ಬಣ ಕೆಳಗಿಟ್ಟು ಬಾಜು ಮನೆಯ ಬಾಗಿಲಿಗೆ ಹೋದ. "ಮಾಂಯ್, ಜಾಗಾ ನಮ್ಮದು. ನೀ ಹಾಡು. ಯಾರ ಬ್ಯಾಡ ಅಂತಾರ ನಾ ನೋಡ್ತೀನಿ" ಎಂದ. ಮಾಂಯ್ ಹಣೆ ಬಡಿದುಕೊಂಡಳು. "ಜಾಗಾ ನಿಂದ ಇರಬಹುದಪಾ, ನಾ ಇಗರ್ಜೀದಾಕಿ. ಪಾದ್ರಿ ಬ್ಯಾಡ ಅಂದ್ಮ್ಯಾಲ ಬಾಯಿ ತಗದ್ರ ಪಾಪ. ಹರಕಿ ಮುರದ್ರೂ ಪಾಪ. ಯಾ ಪಾಪಾ ಸಣ್ಣದು ಅಂತ ನೀ ಹೇಳು." ಅಪ್ಪ ಮೆಲ್ಲಗೆ ವಾಪಸು ಬಂದು ಮತ್ತೆ ಚೀಲ ಹೊಲಿಯತೊಡಗಿದ.

ಆಕೆಯ ಮೇಲೂ ನನಗೆ ಸಿಟ್ಟು ಬಂತು. ಇಷ್ಟು ಮಾಡಿದ ಮೇಲೂ ಅವರ ಮಾತು ಮೀರುವುದಿಲ್ಲ ಎನ್ನುತ್ತಾಳಲ್ಲ ಎಂದು ಅವ್ವನ ಮುಂದೆ ಕೂಗಾಡಿದೆ. ಅವ್ವ, "ಆಕೀಗೆ ಆಕಿ ದೇವರೂ ಬೇಕು, ಆಕಿ ಪಾದ್ರೀನೂ ಬೇಕು. ನಿನಗೇನು, ಕೂಗಿ ಬಸ್ ಹತ್ತಿ ಹೋಗ್ತಿ" ಎಂದಳು. ಅದು ನಿಜವಾಗಿತ್ತು. ಆ ವಾರವೆಲ್ಲ ಹಿಂದವಾಡಿಯ ಖೋಲಿಯಲ್ಲಿ ನನಗೆ ಅನ್ನ ಸೇರಲಿಲ್ಲ.

ಲಾದಿನ್ನಿನ ದಿನ ಮಧ್ಯಾಹ್ನ ಮುಂಗಾರಿಗೆ ಮುಂಚಿನ ಅಡ್ಡಮಳೆ ಬಂದು ಹೋಗಿತ್ತು. ಸುಣ್ಣ ಹೊಡೆದ ಕಟ್ಟೆಗೆ ಕಣಗಿಲೆಯ ಮಾಲೆ ಹಾಕಿದ್ದರು, ಗಾಜಿನೊಳಗೆ ಮೇಣದಬತ್ತಿ ಇಟ್ಟಿದ್ದರು. ನಮ್ಮ ಅಡುಗೆಮನೆಯಿಂದ ಕಡಲೆಯ ವಾಸನೆ ಬರುತ್ತಿತ್ತು. ಮಾಂಯ್ ತನ್ನ ಕಂದು ಸೀರೆ ಉಟ್ಟು ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ, ಪ್ರತಿ ವರ್ಷದ ಜಾಗದಲ್ಲೇ ಕೂತಳು. ನಾನು ಆಕೆಯ ಬಾಜು ಕೂತೆ. ಫಾದರ್ ಹಾರ್ಮೋನಿಯಂ ಹಿಡಿದು ಪುಸ್ತಕದ ಲಾದಿನ್ ಶುರು ಮಾಡಿದರು. ಕನ್ನಡದ ಸಾಲಿಗೆ ಒಂದು ಗುಂಪು ದನಿ ಏರಿಸಿತು, ಮರಾಠಿಯ ಸಾಲಿಗೆ ಇನ್ನೊಂದು, ಕೊಂಕಣಿಯ ಸಾಲು ಬಂದಾಗ ಮೊದಲಿನ ಎರಡೂ ಗುಂಪು ಕೆಮ್ಮಿದವು. ಮಾಂಯ್ ತುಟಿ ಬಿಗಿಹಿಡಿದು ಜಪಮಾಲೆಯನ್ನು ಹಿಂಡುತ್ತಿದ್ದಳು. ಬೇಗನೆ ಮುಗಿಯಿತು, ಅರ್ಧವೇ ಅಲ್ಲವೇ? ಫಾದರ್ ಶಿಲುಬೆಯ ಗುರುತು ಮಾಡಿ ಹಾರ್ಮೋನಿಯಂ ಮುಚ್ಚಿದರು.

ಮಾಂಯ್ ಏಳಲಿಲ್ಲ. ಕಟ್ಟೆಯನ್ನೇ ನೋಡುತ್ತ ಕೂತಿದ್ದಳು. ಹುಡುಗಿಯೊಬ್ಬಳು ಕಡಲೆಯ ದೊನ್ನೆ ತಂದು ಮುಂದೆ ಹಿಡಿದಳು. "ನಾ ಹೇಳಿಲ್ಲವಾ, ನನಗ ಬ್ಯಾಡ" ಎಂದಳು ಮಾಂಯ್, ತನ್ನದೇ ಕಾನೂನು ತನಗೇ ಹಾಕಿಕೊಂಡು.

ನಾನು ಎದ್ದು ನಿಂತೆ. ಮುಂದೆ ಏನು ಮಾಡುತ್ತೇನೆಂದು ಏಳುವವರೆಗೂ ಗೊತ್ತಿರಲಿಲ್ಲ.

"ಫಾದರ್, ನಿಮ್ಮದು ಮುಗೀತಲ್ರೀ? ಈಗ ನಮ್ಮದು."

ಅವರಿಗೆ ತಿಳಿಯಿತು. ಮೆಲ್ಲಗೆ, "ನೋಡಿ, ಹಳೆಯದು ಇಲ್ಲಿ ಬೇಡ ಎಂದು ಹೇಳಿದ್ದೇನೆ" ಎಂದರು.

"ನಿಮ್ಮ ಮಂದೀಗೆ ಹೇಳೀರಿ. ನಾ ನಿಮ್ಮಾಕಿ ಅಲ್ರೀ. ನೋಡ್ರಿ" ಎಂದು ಕೊರಳಿನ ಲಿಂಗ ಹೊರಗೆ ತೆಗೆದು ತೋರಿಸಿದೆ. "ನಮ್ಮ ಅಂಗಳದಾಗ ನಾ ಹಾಡಾಕ ನಿಮ್ಮ ಅಪ್ಪಣಿ ಬೇಕಾಗಿಲ್ಲ."

ಹಿಂದಿನಿಂದ ಅಪ್ಪ ಕೆಮ್ಮಿದ. ನಾನು ಕಟ್ಟೆಗೆ ಮುಖ ಮಾಡಿ, ಮಾಂಯ್ ಹಾಡುತ್ತಿದ್ದ ಹಾಗೆಯೇ, ಎಳೆಯುವಲ್ಲಿ ಎಳೆದು ನುಂಗುವಲ್ಲಿ ನುಂಗಿ, ಲಾದಿನ್ ಶುರು ಮಾಡಿದೆ. ನನ್ನ ದನಿ ಹಾಡುವ ದನಿಯಲ್ಲ, ಪಾಠ ಹೇಳುವ ದನಿ. ಮೊದಲ ಸಾಲಿಗೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಕುಂಬಾರ ಅಜ್ಜಿ ಒಬ್ಬಳೇ ಉತ್ತರ ಕೊಟ್ಟಳು. ಆಮೇಲೆ ಅಪ್ಪ, ಕಿರಾಣಿ ಅಂಗಡಿಯವರು. ನೋಡನೋಡುತ್ತ ಮೂರು ಗುಂಪಿನವರೂ ಜಗಳ ಮರೆತು, ಚಿಕ್ಕಂದಿನಲ್ಲಿ ಕಡಲೆಗಾಗಿ ಕೂಗುತ್ತಿದ್ದ ಹಾಗೆ ಕೂಗತೊಡಗಿದರು. ಹೋದ ವರ್ಷದ ಮೌನ ಹರಿದುಹೋಯಿತು. ಫಾದರ್ ಅಲ್ಲೇ ತಲೆ ತಗ್ಗಿಸಿ ನಿಂತಿದ್ದರು, ಹೋಗಲಿಲ್ಲ.

ಮಾಂಯ್ ಮಾತ್ರ ತುಟಿ ಬಿಚ್ಚಲಿಲ್ಲ. ಪ್ರತಿ ಸಾಲಿಗೂ ಆಕೆಯ ಬೆರಳು ಮಡಚಿಕೊಳ್ಳುತ್ತಿತ್ತು. ಯಾರ್‍ಯಾರು ಬಂದರು, ಯಾರು ಬಿಟ್ಟುಹೋದರು ಎಂದು ಆಕೆ ಒಳಗೇ ನೋಡಿಕೊಳ್ಳುತ್ತಿದ್ದಳು. ದಂತದ ಗೋಪುರದ ಸಾಲು ಬಂತು. ನಾನು ಉಸಿರು ಎಳೆದುಕೊಂಡೆ, ಬಾಯಿ ತೆರೆಯುವ ಮೊದಲೇ ಬಾಜುವಿನಿಂದ ದನಿ ಎದ್ದಿತು. ಮಾಂಯ್ ಕಣ್ಣು ತೆರೆದು, ನನ್ನ ಮುಖವನ್ನೇ ನೋಡುತ್ತ, ತನ್ನ ಬಾಯಿಂದಲೇ ಆ ಸಾಲು ಹಾಡಿದಳು. ಓಣಿ ಉತ್ತರ ಕೊಟ್ಟಿತು. ಆಕೆ ಮತ್ತೆ ಬಾಯಿ ಮುಚ್ಚಿಕೊಂಡಳು. ಮುಂದಿನ ಸಾಲು ನನಗೆ ಹೇಗೆ ಬಂತೋ ಗೊತ್ತಿಲ್ಲ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಮುಗಿದ ಮೇಲೆ ಮಾಂಯ್ ದೊನ್ನೆಯನ್ನು ತಾನೇ ಕೇಳಿ ಇಸಿದುಕೊಂಡಳು. ಕಡಲೆ ಬಾಯಿಗೆ ಹಾಕಿಕೊಂಡು ನನಗೆ ಹೇಳಿದ ಮೊದಲ ಮಾತು, "ಅಂಚಿಯವನ ಸಾಲು ನುಂಗಿದೆಲ್ಲ, ಅಂವಾ ನಿನಗೇನ್ ಅನ್ಯಾಯ ಮಾಡಿದ್ದಾ?" ಎಂದು. ಫಾದರ್ ಕಡಲೆ ತಿನ್ನದೆ ಸೈಕಲ್ ಹತ್ತಿ ಹೋದರು. ಹಾರ್ಮೋನಿಯಂ ಮರೆತಿದ್ದರು, ಅಪ್ಪ ಅದನ್ನು ಭತ್ತದ ಗಾಡಿಯಲ್ಲಿ ಕಳಿಸಿಕೊಟ್ಟ.

ಮರುದಿನ ಭಾನುವಾರ. ಬೆಳಗ್ಗೆ ಮಾಂಯ್ ಎಲ್ಲರಿಗಿಂತ ಮುಂಚೆ ಇಗರ್ಜಿಗೆ ಹೋದಳು ಎಂದು ಅವ್ವ ಹೇಳಿದಳು. ವಾಪಸು ಬರುವಾಗ ನಾನು ಅಂಗಳದಲ್ಲೇ ತಡೆದೆ.

"ಇಷ್ಟ ಲಗೂ ಯಾಕ ಹೋಗಿದ್ದಿ?"

"ಪಾಪ ಒಪ್ಪಿಕೊಳ್ಳಾಕ. ಪಾದ್ರಿ ಬ್ಯಾಡ ಅಂದಿದ್ದನ್ನ ಒಂದ ಸಾಲು ಹಾಡೀನಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ನನ್ನ ಜೀವಕ್ಕೆಂದು ಹೇಳಿದ ಒಂದು ಸಾಲು ಪಾಪವೇ? "ಅವರು ಪ್ರಾಯಶ್ಚಿತ್ತಾನೂ ಕೊಟ್ರೇನು?"

"ಕೊಡದ ಬಿಡ್ತಾರೇನು? ಕೊಟ್ರು. ಪಾಪ ಮಾಡೀನಿ, ಪ್ರಾಯಶ್ಚಿತ್ತ ಮಾಡ್ತೀನಿ." ಮಾಂಯ್ ಸೆರಗಿನಿಂದ ಮುಖ ಒರೆಸಿಕೊಂಡು, ಶಿಲುಬೆಕಟ್ಟೆಯ ಮೇಲೆ ಬಾಡಿದ್ದ ಕಣಗಿಲೆಯ ಮಾಲೆ ತೆಗೆಯುತ್ತ ಹೇಳಿದಳು, "ಬರೂ ವರ್ಷಾನೂ ಮಾಡ್ತೀನಿ."

"ಯಾವುದು ಮಾಂಯ್? ಪಾಪಾನೋ, ಪ್ರಾಯಶ್ಚಿತ್ತಾನೋ?"

"ಎರಡೂ" ಎಂದಳು.